ಮನುಷ್ಯರಿಲ್ಲದ ಒಂದು ಫೋಟೊ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕುಷ್ಟಗಿ ಬಸ್ ನಿಲ್ದಾಣಕ್ಕೆ ಬಂದ ಶರಣಪ್ಪನ ಕೊರಳಲ್ಲಿ ಕ್ಯಾಮೆರಾ, ಹೆಗಲ ಮೇಲೆ ಮೂರುಕಾಲಿನ ಸ್ಟ್ಯಾಂಡು, ಕೈಯಲ್ಲಿ ರೊಟ್ಟಿ ಗಂಟು. ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಬಿಟ್ಟು ಬರಲು ಹೊರಟ ಅಪ್ಪನ ಕಳೆ. ನಾನು ನಗಲಿಲ್ಲ. ನಕ್ಕರೆ ಬಸ್ ಹತ್ತದೆ ಮನೆಗೆ ತಿರುಗುವ ಮನುಷ್ಯ ಅವನು. ಆರನೆಯ ತರಗತಿಯಿಂದ ನೋಡಿದ್ದೇನೆ.

ವಿಷಯ ಇಷ್ಟು. ಶರಣಪ್ಪ ಇಪ್ಪತ್ತಾರು ವರ್ಷ ನಮ್ಮೂರಲ್ಲಿ ಫೋಟೊ ಸ್ಟುಡಿಯೊ ನಡೆಸಿದ. ಕುಷ್ಟಗಿ, ಯಲಬುರ್ಗಾ ಕಡೆ ಅವನ ಕ್ಯಾಮೆರಾ ಮುಂದೆ ತಾಳಿ ಕಟ್ಟದ ಮನೆತನ ಸಿಗುವುದು ಕಷ್ಟ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು. ಸ್ಟುಡಿಯೊ ಮುಚ್ಚಿ, ಅದೇ ಅಂಗಡಿಯಲ್ಲಿ ಝೆರಾಕ್ಸ್ ಯಂತ್ರ ಇಟ್ಟಿದ್ದಾನೆ. ಕ್ಯಾಮೆರಾವನ್ನು ಕೊಪ್ಪಳದ ಒಬ್ಬ ಫೋಟೊಗ್ರಾಫರಿಗೆ ಕೊಡುವ ಮಾತಾಗಿತ್ತು. ಸೋಮವಾರ ಮಧ್ಯಾಹ್ನ ತಲುಪಿಸಬೇಕು. ಅದಕ್ಕೂ ಮೊದಲು ಅವನಿಗೊಂದು ಆಸೆ.

“ಒಂದ ಫೋಟೊ ನನಗಂತ ಹೊಡಕೋಬೇಕಲೇ ವೀರೇಶ. ಅದರಾಗ ಒಬ್ಬ ಮನುಷ್ಯಾನೂ ಇರಬಾರ್ದು.”

“ಯಾಕ, ಮನುಷ್ಯಾರು ಏನ ಮಾಡ್ಯಾರ ನಿನಗ?”

“ನಗ್ತಾರ. ಕ್ಯಾಮೆರಾ ಕಂಡ ಕೂಡ್ಲೇ ಎಲ್ರೂ ಒಂದ ನಮೂನಿ ನಗ್ತಾರ. ಇಪ್ಪತ್ತಾರು ವರ್ಷ ಅದನ್ನ ನೋಡೀನಿ. ಸಾಕಾಗೈತಿ.”

ಅವನಿಗೆ ಬೇಕಾದದ್ದು ಗುಡ್ಡದ ನಡುವಿನ ಕೆರೆ, ಹುಟ್ಟುವ ಸೂರ್ಯ, ಖಾಲಿ ನೀರು. ಎರೆಹೊಲದ ಕುಷ್ಟಗಿಯವರಾದ ನಮಗೆ ಗುಡ್ಡ ಅಂದರೆ ಗಂಗಾವತಿಯೇ. ಶನಿವಾರ ಸಾಣಾಪುರ, ರವಿವಾರ ಪಂಪಾ ಸರೋವರ, ಸೋಮವಾರ ಹಿರೇಬೆಣಕಲ್ಲಿನ ಮೊರೇರ ಗುಡ್ಡ ಎಂದು ಗೊತ್ತು ಮಾಡಿಕೊಂಡೆವು. ಮೂರು ಬೆಳಗು ಕೈಯಲ್ಲಿದ್ದವು.

ಬಸ್ಸು ತುಂಬಿತ್ತು. ತಾವರಗೇರಾ ತನಕ ನಿಂತೇ ಹೋದೆವು. ಕಂಡಕ್ಟರು ಶರಣಪ್ಪನ ಗುರುತಿನವರು. ಟಿಕೆಟ್ ಹರಿಯುತ್ತ ಕೇಳಿದರು, “ಏನ್ರಿ ಶರಣಪ್ಪಣ್ಣ, ಯಾರ ಮದುವಿ?”

“ಸೂರ್ಯಂದು,” ಅಂದೆ ನಾನು.

“ಹೆಣ್ಣ ಯಾವೂರದ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವರು ಹಿಂದಿನ ಸೀಟಿಗೆ ಹೋದರು.

ಕನಕಗಿರಿ ದಾಟುತ್ತಲೇ ನೆಲದ ಬಣ್ಣ ತಿರುಗಿತು. ಕಾಲುವೆ ಬಂತು, ಕೊಯ್ಲಿಗೆ ಬಂದ ಭತ್ತದ ಗದ್ದೆ ಬಂತು, ಅದರಾಚೆ ಬಂಡೆಗಳು. ಯಾರೋ ಆಟ ಆಡಿ ಎತ್ತಿಡದೆ ಎದ್ದು ಹೋದ ಹಾಗೆ ಒಂದರ ಮೇಲೊಂದು ಬಿದ್ದಿರುವ ಗುಡ್ಡಗಳು. ಐವತ್ಮೂರು ವರ್ಷದಿಂದ ಇದೇ ಸೀಮೆಯಲ್ಲಿದ್ದೇನೆ. ಆ ತಿರುವಿನಲ್ಲಿ ಪ್ರತಿ ಸಲವೂ ಮಾತು ನಿಲ್ಲುತ್ತದೆ. ಗಂಗಾವತಿಯಲ್ಲಿ ಬಸ್ ನಿಲ್ದಾಣದ ಹತ್ತಿರವೇ ಒಂದು ಲಾಡ್ಜು ಹಿಡಿದೆವು. ರಾತ್ರಿಯ ಊಟಕ್ಕೆ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಒಗ್ಗರಣೆ ಚೆನ್ನಾಗಿತ್ತು, ಹಾಸಿಗೆ ಚೆನ್ನಾಗಿರಲಿಲ್ಲ.

ಶನಿವಾರ ಐದಕ್ಕೆ ಆಟೊ ಹಿಡಿದು ಆನೆಗೊಂದಿ ದಾರಿಯಲ್ಲಿ ಸಾಣಾಪುರಕ್ಕೆ ಹೋದೆವು. ಚಳಿ ಕಿವಿಗೆ ಕಚ್ಚುತ್ತಿತ್ತು. ಕೆರೆ ಕಂಡಾಗ ಆಟೊದವನು ತಾನಾಗಿಯೇ ಎಂಜಿನ್ ಆರಿಸಿದ. ದಿನಾ ನೋಡುವವನೇ ಆರಿಸಿದನೆಂದರೆ ಲೆಕ್ಕ ಹಾಕಿ. ಸುತ್ತ ಕರೀ ಬಂಡೆ, ನಡುವೆ ಅಲ್ಲಾಡದ ನೀರು, ನೀರಿನಲ್ಲಿ ತಲೆಕೆಳಗಾದ ಇನ್ನೊಂದು ಗುಡ್ಡಸಾಲು. ಯಾವುದು ನಿಜದ್ದು ಎಂದು ಹೇಳಲು ಒಂದು ಕಲ್ಲು ಎಸೆದು ನೋಡಬೇಕು.

ಶರಣಪ್ಪ ಸ್ಟ್ಯಾಂಡು ಊರಿ ಕಾದ. ಬಂಡೆಯ ಅಂಚು ಕೆಂಪಾಯಿತು. ಅಷ್ಟರಲ್ಲಿ ಎಡಗಡೆಯಿಂದ ಒಂದು ಹರಿಗೋಲು ಬಂತು. ಅದರಲ್ಲಿ ಐದು ಜನ ಪ್ರವಾಸಿಗರು. ಸರಿಯಾಗಿ ಸೂರ್ಯ ಬರಬೇಕಾದ ಜಾಗಕ್ಕೆ ಬಂದು ಅಂಬಿಗ ಹರಿಗೋಲನ್ನು ಗಿರಗಿರನೆ ತಿರುಗಿಸಿದ. ಐವರೂ ಕಿರುಚಿದರು. ನೀರೆಲ್ಲ ಕಲಕಿ ಗುಡ್ಡಸಾಲು ಚೂರುಚೂರಾಯಿತು. ಹೋಗುವಾಗ ಅವರಲ್ಲೊಬ್ಬ ಕ್ಯಾಮೆರಾ ನೋಡಿ ಎರಡು ಬೆರಳು ಎತ್ತಿ ನಕ್ಕ.

“ನೋಡಿದೇನು?” ಅಂದ ಶರಣಪ್ಪ. “ಅದ ನಗಿ.”

ರವಿವಾರದ ತಪ್ಪು ಮಾತ್ರ ಬೇರೆಯವರದ್ದಲ್ಲ. ಪಂಪಾ ಸರೋವರ ಚಿಕ್ಕದು, ಗುಡ್ಡದ ಮಡಿಲಲ್ಲಿ ಇಟ್ಟ ತಟ್ಟೆಯಂತೆ ಇದೆ. ನಾವು ಹೋದಾಗ ಕತ್ತಲು ಇನ್ನೂ ಹರಿದಿರಲಿಲ್ಲ. ನೀರಿನ ಮೇಲೆ ಎರಡು ಅಂಗೈ ಎತ್ತರಕ್ಕೆ ಬಿಳಿ ಹೊಗೆ ನಿಂತಿತ್ತು. ಮಾತಾಡಿದರೆ ಅದು ಎದ್ದು ಹೋದೀತು ಅನ್ನಿಸಿ ನಾನು ಪಿಸುಗುಟ್ಟತೊಡಗಿದೆ. ಯಾರೂ ಇರಲಿಲ್ಲ. ಶರಣಪ್ಪನ ಮುಖ ಅರಳಿತು.

ಆಗ ರಾಯಚೂರು ಕಡೆಯ ಹೆಂಗಸರ ಒಂದು ಗುಂಪು ಬಂತು. ಅಂಜನಾದ್ರಿ ಹತ್ತುವ ಮೊದಲು ಇಲ್ಲಿ ಕೈಕಾಲು ತೊಳೆಯಲು ಬಂದವರು. ಸ್ಟ್ಯಾಂಡು ಕಂಡಿದ್ದೇ ತಡ, ಅವರ ಹಿರಿಯಾಕೆ ಕೇಳಿದರು, “ಯಣ್ಣಾ, ನಮ್ಮೆಲ್ಲಾರ್ದೂ ಒಂದ ಹೊಡೀರಿ.”

“ಆಗಂಗಿಲ್ರಿ ಅವ್ವಾರ, ನಾವು ಸೂರ್ಯಾಂದು...” ಎಂದು ನಾನು ಶುರು ಮಾಡುವಷ್ಟರಲ್ಲಿ ಶರಣಪ್ಪನ ಬಾಯಿ ತಾನೇ ತೆರೆದುಕೊಂಡಿತು.

“ಹಸರ ಸೀರಿಯವ್ರು ಹಿಂದ ನಿಂದ್ರ್ರಿ, ಎತ್ತರ ಅದೀರಿ. ಅಜ್ಜಿನ್ನ ನಡಕ್ಕ ಕುಂದ್ರಸ್ರಿ. ಅಕ್ಕಾರ, ಗಲ್ಲ ಸ್ವಲ್ಪ ಕೆಳಗ. ಹಾಂ, ಕಣ್ಣ ಮುಚ್ಚಬ್ಯಾಡ್ರಿ.”

ಹನ್ನೊಂದು ಹೆಂಗಸರನ್ನು ಎತ್ತರದ ಪ್ರಕಾರ ಸಾಲು ಮಾಡಿ, ಒಬ್ಬಾಕೆಯ ಸೆರಗು ಸರಿಪಡಿಸಲು ಇನ್ನೊಬ್ಬಾಕೆಗೆ ಹೇಳಿ, ಮೂರು ಸಲ ಕ್ಲಿಕ್ಕಿಸಿ ತಿರುಗಿದಾಗ ಸೂರ್ಯ ಗುಡ್ಡದ ಮೇಲೆ ಒಂದು ಮಾರು ಬಂದಿದ್ದ. ಹೊಗೆ ಕರಗಿತ್ತು. ಶರಣಪ್ಪ ಹಣೆ ಹಣೆ ಬಡಿದುಕೊಂಡ. ಅಜ್ಜಿ ಗಾಬರಿಯಾಗಿ, “ಯಾಕೋ ಯಪ್ಪಾ, ನಾ ಛಲೋ ಬಂದಿಲ್ಲೇನು?” ಅಂದರು.

“ಭಾಳ ಛಲೋ ಬಂದೀರಿ ಬೇ,” ಅಂದ ಪಾಪ.

ಉಳಿದದ್ದು ಒಂದೇ ಬೆಳಗು. ಅವತ್ತೇ ಸಂಜೆ ಹಿರೇಬೆಣಕಲ್ಲಿಗೆ ಹೋದೆವು. ಗಂಗಾವತಿಯಿಂದ ಕೊಪ್ಪಳದ ದಾರಿಯಲ್ಲಿ ಹತ್ತು ಕಿಲೊಮೀಟರಿನಷ್ಟು. ಗುಡ್ಡದ ಮೇಲೆ ಕುರಿ ಮೇಯಿಸುವ ಹುಲಿಗೆಪ್ಪ ಎಂಬ ಅರವತ್ತರ ಆಸುಪಾಸಿನ ಮನುಷ್ಯ ದಾರಿ ತೋರಲು ಒಪ್ಪಿದ. ನಾಲ್ಕಕ್ಕೇ ಹೊರಡಬೇಕು, ನಮ್ಮ ಮನೆಯ ಕಟ್ಟೆಯ ಮೇಲೇ ಮಲಗಿರಿ ಅಂದ. ಅವನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ, ಜಜ್ಜಿದ ಉಳ್ಳಾಗಡ್ಡಿ ಬಡಿಸುತ್ತ ಕೇಳಿದಳು, “ಕೆರಿ ಫೋಟೊ ತಗ್ಯಾಕ ಕುಷ್ಟಗಿಯಿಂದ ಬಂದೀರೇನ್ರಿ? ನಿಮ್ಮೂರಾಗ ನೀರ ಇಲ್ಲೇನು?”

“ನೀರ ಐತಿ ಬೇ. ಮಂದಿ ಭಾಳ ಅದಾರ,” ಅಂದ ಶರಣಪ್ಪ.

ಏರು ಎರಡು ತಾಸಿನದು. ಮೊದಲರ್ಧ ತಾಸಿನಲ್ಲೇ ನನ್ನ ಹೊಟ್ಟೆ ನನಗೆ ಭಾರವಾಯಿತು. ಬ್ಯಾಟರಿ ಬೆಳಕಿನಲ್ಲಿ ಬಂಡೆ, ಮುಳ್ಳುಕಂಟಿ, ಮತ್ತೆ ಬಂಡೆ. ಪ್ರತಿ ತಿರುವಿನಲ್ಲೂ ಹುಲಿಗೆಪ್ಪ ಗಟ್ಟಿಯಾಗಿ ಕೆಮ್ಮುತ್ತಿದ್ದ. ನೆಗಡಿಯೇ ಎಂದು ಕೇಳಿದೆ.

“ನೆಗಡಿ ಅಲ್ರೀ ಸರ. ಕರಡಿಗೆ ಗೊತ್ತಾಗಬೇಕಲ್ರಿ, ನಾವ ಬರಾಕತ್ತೀವಿ ಅಂತ.”

ಆಮೇಲೆ ನಾನೂ ಕೆಮ್ಮಿದೆ. ಅವನಿಗಿಂತ ಜೋರಾಗಿ.

ಮೇಲೆ ತಲುಪಿದಾಗ ಹುಲಿಗೆಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕತ್ತಲಿನತ್ತ ಮುಖ ಮಾಡಿ ಕೂಗಿದ, “ಬಂದೀವ್ರೆಪ್ಪೋ!”

“ಯಾರನ್ನ ಕರಿಯಾಕತ್ತೀ?” ಅಂದೆ.

“ಮೊರೇರನ್ನ. ಮಂದಿ ಮನಿ ಮುಂದ ಹೋಗೂಮುಂದ ಒಂದ ಮಾತ ಕೂಗಬೇಕ್ರಿ. ಒಮ್ಮಿಗಲೇ ನುಗ್ಗಾಕ ಬರ್ತೈತೇನು?”

ಬ್ಯಾಟರಿ ತಿರುಗಿಸಿದೆ. ಮನೆಗಳಿದ್ದವು. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಮನೆಗಳು. ಒಂದೊಂದರ ಮುಂದಿನ ಕಲ್ಲಿನಲ್ಲಿ ತಲೆ ತೂರುವಷ್ಟು ದುಂಡನೆಯ ಕಂಡಿ. ಹತ್ತಲ್ಲ, ಇಪ್ಪತ್ತಲ್ಲ, ಬೆಳಕು ಹೋದಷ್ಟು ದೂರಕ್ಕೂ ಅವೇ. ಸತ್ತವರಿಗಾಗಿ ಎರಡು ಸಾವಿರ ವರ್ಷಕ್ಕೂ ಹಿಂದೆ ಕಟ್ಟಿದ್ದು ಎಂದು ತಿಳಿದವರು ಬರೆದಿದ್ದಾರೆ. ಮೂರಡಿ ಎತ್ತರದ ಮೊರೇರು ಇಲ್ಲಿ ಸಂಸಾರ ಮಾಡಿಕೊಂಡಿದ್ದರು ಎಂದು ಹುಲಿಗೆಪ್ಪ ಹೇಳಿದ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ನಾನು ಹುಲಿಗೆಪ್ಪನನ್ನೇ ನಂಬಿದೆ. ನಾನೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಕಲ್ಲು ಮಂಜುಗಡ್ಡೆಯ ಹಾಗಿತ್ತು.

ಮನೆಗಳ ನಡುವೆಯೇ ಕೆರೆ. ಗುಡ್ಡದ ನೆತ್ತಿಯ ಮೇಲೆ, ಯಾವ ಹೊಳೆಯೂ ಬಂದು ಸೇರದ ಜಾಗದಲ್ಲಿ, ಬರೀ ಮಳೆಯ ನೀರು. ಈ ಮನೆಗಳಿಗೆ ಬೇಕಾದ ಕಲ್ಲು ಎಬ್ಬಿಸಿದ ಗುಂಡಿಯೇ ಹೀಗೆ ಕೆರೆಯಾಯಿತು ಅನ್ನುತ್ತಾರೆ. ಶರಣಪ್ಪ ಪಡುವಣ ದಂಡೆಯ ಬಂಡೆಯ ಮೇಲೆ ಸ್ಟ್ಯಾಂಡು ಊರಿ, ಕಣ್ಣಿಟ್ಟು ನೋಡಿ, ಸರಿಸಿ, ಮತ್ತೆ ನೋಡಿದ. ಎದುರಿಗೆ ಯಾರೂ ಇರಲಿಲ್ಲ. ಯಾರೂ ಬರುವ ಸಾಧ್ಯತೆಯೂ ಇರಲಿಲ್ಲ.

“ವೀರೇಶ, ನೀ ನನ್ನ ಹಿಂದ ನಿಂದ್ರು. ಅಲ್ಲಾಡಬ್ಯಾಡ.”

“ಹೂಂನಪ್ಪಾ,” ಅಂದೆ. ನಿಂತೆ ಕೂಡ.

ಇಲ್ಲಿಂದ ಮುಂದೆ ನಡೆದದ್ದನ್ನು ನಾನು ಸರಿಯಾಗಿ ಹೇಳಲಾರೆ, ಆದರೂ ಹೇಳುತ್ತೇನೆ. ಮೊದಲು ಆಕಾಶದ ಬುಡ ಬೂದಿಯಾಯಿತು. ಆಮೇಲೆ ಹುಣಸೆಹಣ್ಣಿನ ಒಳಬಣ್ಣ. ಮನೆಗಳು ಒಂದೊಂದಾಗಿ ಕತ್ತಲಿನಿಂದ ಹೊರಗೆ ಬಂದು ಕೂತವು. ನೀರು ಕರ್ರಗೆ ಇದ್ದದ್ದು ಇದ್ದಕ್ಕಿದ್ದ ಹಾಗೆ ಆ ಬಣ್ಣವನ್ನೆಲ್ಲ ಒಳಕ್ಕೆ ಎಳೆದುಕೊಂಡಿತು. ಕೆಳಗೆ ಗಂಗಾವತಿಯ ಗದ್ದೆಗಳ ಮೇಲೆ ಮಂಜು, ಮಂಜಿನ ಮೇಲೆ ಬಂಡೆಗಳ ತಲೆಗಳು, ಅವುಗಳಾಚೆಯಿಂದ ಸೂರ್ಯನ ಒಂದು ಚೂರು ಹೊರಟಿತು. ಆ ಬೆಳಕು ನೆಲದ ಮಟ್ಟದಲ್ಲೇ ಓಡಿ ಬಂದು ಒಂದು ಮನೆಯ ಕಂಡಿಯೊಳಗೆ ಹೊಕ್ಕಿತು. ಪಕ್ಕದ ಮನೆಗೆ ಹೊಕ್ಕಿತು. ಒಳಗಿನ ಗೋಡೆಗಳು ಕೆಂಪಗೆ ಬೆಳಗಿದವು. ಯಾರೋ ಎದ್ದು ಒಲೆ ಹಚ್ಚಿದ ಹಾಗೆ, ಸಾವಿರಾರು ವರ್ಷದಿಂದ ಒಂದು ದಿನವೂ ತಪ್ಪಿಸದೆ ಯಾರೋ ಎದ್ದು ಒಲೆ ಹಚ್ಚುತ್ತಿರುವ ಹಾಗೆ.

ಹೆಗಲ ಮೇಲೆ ಕೈ ಬಿತ್ತು. ತಿರುಗಿದರೆ ಹುಲಿಗೆಪ್ಪ. “ಸರ, ಆ ಸಾಹೇಬ್ರು ಆಗಿಂದ ಕೂಗಾಕತ್ತಾರ್ರಿ.”

ನೋಡುತ್ತೇನೆ, ನೀರು ನನ್ನ ಪಾದದ ಹತ್ತಿರ ಇದೆ. ನಾನು ನಡೆದು ಬಂದಿದ್ದೆ. ಶರಣಪ್ಪನ ಹಿಂದಿನಿಂದ ಹೊರಟು, ಅವನ ಪಕ್ಕದಿಂದ ಇಳಿದು, ಕೆರೆಯ ಅಂಚಿಗೆ, ಅವನ ಫೋಟೊದ ನಟ್ಟನಡುವೆ ಬಂದು ನಿಂತಿದ್ದೆ. ಯಾವಾಗ ಬಂದೆನೋ ದೇವರಾಣೆ ಗೊತ್ತಿಲ್ಲ. ಸೂರ್ಯ ಪೂರ್ತಿ ಮೇಲೆ ಬಂದಿದ್ದ. ಮನೆಗಳೊಳಗಿನ ಕೆಂಪು ಆರಿತ್ತು.

“ಅತ್ಲಾಗ ಸರಿ, ಸರಿ ಅಂತ ಗಂಟಲ ಹರಕೊಂಡೆ! ಕಿವ್ಯಾಗ ಏನ ಇಟ್ಟಿದ್ದೀ?” ಶರಣಪ್ಪ ಬಂಡೆಯ ಮೇಲಿಂದಲೇ ಕೂಗಿದ. “ಮೂರ ದಿನ ಮಂದಿ ಕಡಿಂದ ತಪ್ಪಿಸ್ಕೊಂಡ ತಪ್ಪಿಸ್ಕೊಂಡ ಗುಡ್ಡದ ತುದಿಗೆ ಬಂದ್ರ, ಕಡೀಗೆ ನೀನ ಅಡ್ಡ ನಿಂತೆಲ್ಲೋ!”

“ಈಗ್ಲೂ ಛಲೋ ಐತಿ, ಹೊಡಿಯಲ್ಲ,” ಅಂದೆ.

“ತಾಳಿ ಕಟ್ಟೂದು ತಪ್ಪಿದ್ರ ಇನ್ನೊಮ್ಮಿ ಹಂಗ ಕೈ ಹಿಡ್ಕೊಂಡ ನಿಂದ್ರ್ರಿ ಅಂತ ಮದುಮಗಗ ಹೇಳ್ತೀನಿ. ಸೂರ್ಯಾಗ ಹೇಳಾಕ ಬರ್ತೈತೇನಲೇ?”

ನಾನು ಪಕ್ಕಕ್ಕೆ ಸರಿದೆ. ಅವನು ಖಾಲಿ ಕೆರೆಯ ನಾಲ್ಕೈದು ಫೋಟೊ ತೆಗೆದ. ಚೆನ್ನಾಗಿಯೇ ಇದ್ದವು, ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತವಲ್ಲ, ಹಾಗೆ. ಇಳಿಯುವಾಗ ಒಂದು ಮಾತೂ ಆಡಲಿಲ್ಲ. ಹುಲಿಗೆಪ್ಪನೂ ಕೆಮ್ಮಲಿಲ್ಲ, ಹಗಲಾಗಿತ್ತು. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನಿದ್ದದ್ದು ಕಷ್ಟವಾಯಿತು. ಗೆಳೆಯನ ಒಂದೇ ಒಂದು ಆಸೆಯನ್ನು ನನ್ನ ಎರಡು ಕಾಲು ಕೆಡಿಸಿದ್ದವು, ನನ್ನನ್ನು ಕೇಳದೆ.

ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಕಡೆ ಅವನು ಕೂತ. ಕ್ಯಾಮೆರಾದ ಹಿಂದಿನ ಪರದೆ ನೋಡುತ್ತ, ಗುಂಡಿ ಒತ್ತುತ್ತ, ಮತ್ತೆ ನೋಡುತ್ತ ಇದ್ದ. ಬೂದಗುಂಪಾ ದಾಟಿದ ಮೇಲೆ ಅದನ್ನು ನನ್ನ ಕಡೆ ತಿರುಗಿಸಿದ.

“ನೋಡಿಲ್ಲಿ. ಕೂಗೂಮುಂದ ಒಂದ ಹೊಡದಿದ್ದೆ.”

ಕೆಂಪು ನೀರು. ಒಲೆ ಹಚ್ಚಿದ ಮನೆಗಳು. ನಡುವೆ ಒಬ್ಬ ದಪ್ಪ ಮನುಷ್ಯನ ಬೆನ್ನು. ಅಂಗಿ ಒಂದು ಕಡೆ ಪ್ಯಾಂಟಿನಿಂದ ಹೊರಗೆ ಬಂದಿದೆ. ಬರಿಗಾಲು. ಚಪ್ಪಲಿ ಒಂದು ಕೈಯಲ್ಲಿ, ಇನ್ನೊಂದು ಕೈ ಎದೆಯ ಹತ್ತಿರ ಅರ್ಧಕ್ಕೆ ಎದ್ದು ಅಲ್ಲೇ ನಿಂತುಬಿಟ್ಟಿದೆ. ತಲೆ ಸ್ವಲ್ಪ ಮುಂದಕ್ಕೆ ಚಾಚಿದೆ. ಅದು ನಾನು ಎಂದು ನನಗೇ ನಂಬಿಕೆ ಬರಲಿಲ್ಲ.

“ಅಳಿಸಿ ಬಿಡು ಮಾರಾಯಾ, ಅಸಹ್ಯ ಆಗೈತಿ,” ಅಂದೆ.

“ಸುಮ್ನ ಕುಂದ್ರು.” ಅವನು ಪರದೆಯನ್ನು ಅಂಗಿಯ ಚುಂಗಿನಿಂದ ಒರೆಸಿದ. “ಎಷ್ಟ ಸಾವಿರ ಮಂದೀನ ಹೊಡದೀನೋ ನೆನಪಿಲ್ಲ. ಮದುಮಕ್ಕಳು, ತೊಟ್ಲ ಕೂಸು, ಕಡೀಕ ಹೆಣಾನೂ ಹೊಡದೀನಿ. ಹೆಣದ ಪಕ್ಕ ಕುಂತವ್ರೂ ಕ್ಯಾಮೆರಾ ಕಂಡ್ರ ಸೆರಗ ಸರಿ ಮಾಡ್ಕೋತಾರ. ಕ್ಯಾಮೆರಾ ಐತಿ ಅನ್ನೂದನ್ನ ಮರ್ತು ನಿಂತಾಂವ ನೀ ಒಬ್ಬನ.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಕಿಟಕಿಯಾಚೆ ನೋಡಿದೆ. ಗುಡ್ಡ ಆಗಲೇ ನೀಲಿಯಾಗಿ ಹಿಂದೆ ಸರಿದಿತ್ತು.

ಕೊಪ್ಪಳದಲ್ಲಿ ಮೊದಲು ಒಂದು ಲ್ಯಾಬಿಗೆ ಹೋಗಿ ಒಂದೇ ಪ್ರಿಂಟು ಹಾಕಿಸಿದ. ಆಮೇಲೆ ಕ್ಯಾಮೆರಾ ಕೊಟ್ಟ. ಕೊಡುವಾಗ ಪಟ್ಟಿಯನ್ನು ಕೊರಳಿಂದ ತಾನೇ ತೆಗೆದು, ಮಡಿಸಿ, ಅದರ ಮೇಲಿಟ್ಟ. ಬಸ್ ನಿಲ್ದಾಣದ ತನಕ ನಡೆಯುವಾಗ ಎರಡು ಸಲ ಅವನ ಕೈ ಎದೆಯ ಹತ್ತಿರ ಹೋಗಿ ಏನೂ ಸಿಗದೆ ಕೆಳಗಿಳಿಯಿತು. ನಾನು ನೋಡಿಯೂ ನೋಡದ ಹಾಗೆ ಚಹಾ ಹೇಳಿದೆ.

ಆ ಫೋಟೊ ಈಗ ಝೆರಾಕ್ಸ್ ಯಂತ್ರದ ಮೇಲಿನ ಗೋಡೆಯಲ್ಲಿದೆ. ಮೊನ್ನೆ ನಾನು ಆಧಾರ್ ಕಾರ್ಡಿನ ಪ್ರತಿ ತೆಗೆಸಲು ನಿಂತಿದ್ದೆ. ನನ್ನ ಮುಂದೆ ಯಲಬುರ್ಗಾ ಕಡೆಯ ಒಬ್ಬ ರೈತ, ಪಹಣಿ ಹಿಡಿದುಕೊಂಡು. ಅವನು ಗೋಡೆ ನೋಡಿದ.

“ಯಾರ್ರಿ ಇಂವ?”

ಶರಣಪ್ಪ ತಲೆ ಎತ್ತಲಿಲ್ಲ. “ಯಾರೋ ಏನೋ. ಕೆರಿ ನೋಡ್ರಿ.”

ಆ ಮನುಷ್ಯ ನೋಡಿದ. ಯಂತ್ರದಿಂದ ಅವನ ಹಾಳೆಗಳು ಒಂದೊಂದಾಗಿ ಹೊರಗೆ ಬಂದು ಬಿದ್ದವು. ಶರಣಪ್ಪ ಅವನ್ನು ಜೋಡಿಸಿ ಮುಂದೆ ಚಾಚಿದ. ಅವನು ತೆಗೆದುಕೊಳ್ಳಲಿಲ್ಲ, ಹಾಗೇ ನಿಂತಿದ್ದ, ಬಾಯಿ ಸ್ವಲ್ಪ ತೆರೆದು. ಹಿಂದೆ ಸಾಲು ಬೆಳೆಯುತ್ತಿತ್ತು. ಶರಣಪ್ಪ ಅವನನ್ನು ಕರೆಯಲಿಲ್ಲ. ಹಾಳೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ಕಾದ.