ಮೂರು ನಿಮಿಷ ಆತು, ಈರಣ್ಣ

ಹೊನ್ನಾವರದ ಐಸ್ ಫ್ಯಾಕ್ಟರಿಯ ಈರನಿಗೆ ಬೀಡಿ ಅಂದರೆ ಜೀವ. ಹನ್ನೆರಡನೇ ವಯಸ್ಸಿಗೆ ದೋಣಿಯಲ್ಲಿ ಹಚ್ಚಿದ್ದು, ನಲವತ್ತೆಂಟಾದರೂ ಆರಿರಲಿಲ್ಲ. ಕೆಮ್ಮಿ ಕೆಮ್ಮಿ ದೋಣಿ ಬಿಟ್ಟ, ಐಸ್ ಮಿಷನ್ ನೋಡುವ ಕೆಲಸ ಹಿಡಿದ. ಬೀಡಿ ಮಾತ್ರ ಬಿಡಲಿಲ್ಲ, ಮಾರಾಯ! ಹೆಂಡತಿ ದುರ್ಗಮ್ಮ ಬೈದು ಬೈದು ಸೋತಳು.

ಬಿಡಿಸಿದ್ದು ಮಗಳು ಬೆಳ್ಳಿ. ಎಂಬತ್ತೆರಡನೇ ಇಸವಿ. ಕುಮಟೆಯ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಬೀಡಿ ವಾಸನೆ ಬಂದರೆ ಸಾಕು, ಉಂಡದ್ದೆಲ್ಲ ಹೊರಗೆ. ನೋಡಲು ಹೋದ ಅಪ್ಪನಿಗೆ ಮೂಗು ಮುಚ್ಚಿಕೊಂಡೇ ಹೇಳಿದಳು: "ಅಪ್ಪಾ, ನೀನು ಬೀಡಿ ಬಿಡದಿದ್ರೆ ನಾ ಬಾಣಂತನಕ್ಕೆ ಬರೂದಿಲ್ಲ. ಇಲ್ಲೇ ಆಗ್ಲಿ."

ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ಕೇರಿಯವರು ಆಡಿಕೊಳ್ಳದೆ ಬಿಡುತ್ತಾರೆಯೇ? ಅದು ಹಾಳಾಗಲಿ. ಮಗಳು ಮೂಗು ಮುಚ್ಚಿದ್ದೇ ಈರನ ಮನಸ್ಸಿಗೆ ನಾಟಿತು. ಅವಳನ್ನು ಕರೆತರಲು ಇನ್ನು ಮೂರು ತಿಂಗಳಿತ್ತು.

ಅಂದೇ ಬೀಡಿ ಬಿಟ್ಟ. ಮೂರನೇ ದಿನ ತಲೆ ಕೆಟ್ಟು, ಫ್ಯಾಕ್ಟರಿ ಆಫೀಸಿನ ಫೋನೆತ್ತಿದ. ಆಗ ಡಯಲ್ ಎಲ್ಲಿತ್ತು? ಎತ್ತಿದರೆ ಲೈನ್ ಜೋಡಿಸಿಕೊಡುವ ಎಕ್ಸ್‌ಚೇಂಜಿನ ಮಂಗಲಾ ಕೇಳುತ್ತಿದ್ದಳು.

"ನಂಬರ್?"

"ನಂಬರ್ ಎಂತದೂ ಇಲ್ಲ ಅಕ್ಕ. ಐಸ್ ಫ್ಯಾಕ್ಟರಿ ಈರ. ಬೀಡಿ ಬಿಟ್ಟು ಮೂರು ದಿನ ಆತು, ತಡೆಯೂಕೆ ಆಗ್ತಿಲ್ಲ. ಯಾರ ಹತ್ರಾದ್ರೂ ಮಾತಾಡ್ಬೇಕು."

ಬೇರೆಯವಳಾದರೆ ಲೈನ್ ಕಿತ್ತೊಗೆಯುತ್ತಿದ್ದಳು. ಮಂಗಲಾ ನಕ್ಕಳು. "ಆತು, ಮಾತಾಡಿ. ಮೂರೇ ನಿಮಿಷ."

ಈರ ಬೆಳ್ಳಿ ಹುಟ್ಟಿದ ದಿನದ ಕತೆ ತೆಗೆದ. ಅರ್ಧಕ್ಕೇ ಅವಳು, ಪರವೂರಿಗೆ ಟ್ರಂಕ್ ಕಾಲ್ ಮಾಡಿದವರಿಗೆ ಮೂರು ನಿಮಿಷಕ್ಕೊಮ್ಮೆ ಹೇಳುವ ಅದೇ ಗತ್ತಿನಲ್ಲಿ, "ಮೂರು ನಿಮಿಷ ಆತು, ಈರಣ್ಣ" ಅಂದಳು. ನೋಡಿದರೆ ಬೀಡಿಯ ಆಸೆ ಇಳಿದೇ ಹೋಗಿತ್ತು!

ಅಲ್ಲಿಂದ ದಿನಕ್ಕೆ ಮೂರ್ನಾಲ್ಕು ಸಲ ಇದೇ ಕತೆ. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಜುಲೈ ಮಳೆಗೆ ತಂತಿ ಕಡಿದು ಫೋನ್ ಸತ್ತಿತು. ಮಾರನೇ ದಿನ ಬೆಳ್ಳಿ ಬರುವವಳು. ಐಸ್ ಒಡೆಯುವ ತಿಮ್ಮ ಬೀಡಿ ಚಾಚಿದ: "ಒಂದು ದಮ್ಮು ಎಳಿ ಮಾರಾಯ, ಯಾರಿಗೆ ಗೊತ್ತಾಗ್ತದೆ?"

ಈರ ಬೀಡಿ ತುಟಿಗಿಟ್ಟ. ಕಡ್ಡಿ ಗೀರುವ ಮೊದಲು, ಎಂತ ಅನ್ನಿಸಿತೋ, ಸತ್ತ ಫೋನನ್ನೇ ಎತ್ತಿದ. ಬೀಡಿ ಕೈಗೆ ತೆಗೆದು, ಗೋಡೆ ಗಡಿಯಾರ ನೋಡುತ್ತ ಶುರುಮಾಡಿದ: "ಮಂಗಲಕ್ಕ, ನಾಳೆ ಬೆಳ್ಳಿ ಬರ್ತಾಳೆ..." ತಿಮ್ಮ ಬಾಯಿ ಬಿಟ್ಟುಕೊಂಡು ನಿಂತ. ಕೊನೆಗೆ ಈರ "ಮೂರು ನಿಮಿಷ ಆತು, ಈರಣ್ಣ" ಎಂದು ತಾನೇ ಹೇಳಿಕೊಂಡು, ಬೀಡಿಯನ್ನು ತಿಮ್ಮನ ಕಿವಿಗೆ ಸಿಕ್ಕಿಸಿದ.

ಮರುದಿನ ಬೆಳ್ಳಿ ಬಾಗಿಲಲ್ಲೇ ಅಪ್ಪನ ಅಂಗಿ ಮೂಸಿದಳು. "ಥೂ, ಬರೀ ಮಿಷನ್ ಎಣ್ಣೆ!" ಎಂದು ನಗುತ್ತ ಒಳಗೆ ಹೋದಳು.

ಅಷ್ಟರಲ್ಲಿ ತಂತಿ ಸರಿಯಾಗಿತ್ತು. ಹೆರಿಗೆಯಾದ ಬೆಳಿಗ್ಗೆ ಈರ ಆಫೀಸಿಗೆ ಓಡಿ ಫೋನೆತ್ತಿದ.

"ಬೀಡಿ ನೆನಪಾಯ್ತಾ ಈರಣ್ಣ?"

"ಇಲ್ಲ ಅಕ್ಕ. ಮೊಮ್ಮಗಳು ಬಂದಳು. ನಮ್ಮನೇಲೇ," ಎಂದವನಿಗೆ ಅಳು ಒತ್ತರಿಸಿ ಬಂತು.

ಮೂರು ನಿಮಿಷ ಆಯಿತು, ಐದೂ ಆಯಿತು. ಮಂಗಲಾ ಹೇಳಲೇ ಇಲ್ಲ.