ಸತ್ತ ಎಮ್ಮೆಯ ಪ್ರಾರ್ಥನೆ

ಆಗ ನನಗೆ ಇಪ್ಪತ್ತೆರಡು. ಅರವತ್ತೈದು ವರ್ಷದ ಹಿಂದಿನ ಮಾತು. ಸೊರಬದ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಅತ್ತೆಯದೇ. ಮದುವೆಯಾಗಿ ಬಂದಾಗಿನಿಂದ ಕೇಳಿದ್ದೆ, ಅದೇ ಪ್ರಾರ್ಥನೆ, ಒಂದಕ್ಷರ ಆಚೀಚೆ ಇಲ್ಲ. ನಡುವೆ "ನಮ್ಮ ಎಮ್ಮೆಯ ಕಾಲು ವಾಸಿಮಾಡು ಸ್ವಾಮಿ" ಎಂದೂ ಬರುತ್ತಿತ್ತು. ಆ ಎಮ್ಮೆ ನಾನು ಬರುವ ಮೊದಲೇ ಸತ್ತಿತ್ತು.

ಒಂದು ದಿನ ಶಿಕಾರಿಪುರದಿಂದ ನಮ್ಮ ಚರ್ಚಿನ ಹೊಸ ಉಪದೇಶಿಗಳು ಮನೆ ಪ್ರಾರ್ಥನೆಗೆ ಬರುವವರಿದ್ದರು. ಅವರೆದುರು ಮರ್ಯಾದೆ ಹೋಗುತ್ತದೆಂದು ಬೆಳಿಗ್ಗೆಯೇ ಹೇಳಿಬಿಟ್ಟೆ.

"ಅತ್ತೇ, ಇವತ್ತಾದ್ರೂ ಆ ಎಮ್ಮೆ ಬಿಡ್ರೀ."

"ಅದನ್ನ ಬಿಟ್ರೆ ಮುಂದಿಂದು ಬಾಯಿಗೆ ಬರಲ್ಲ ಕಣೇ."

"ಹಂಗಾದ್ರೆ ಹೊಸದು ಕಲೀರಿ."

"ಈ ವಯಸ್ಸಲ್ಲಿ ನಿನ್ನ ಹತ್ರ ಕಲೀಬೇಕಾ?"

ಉಪದೇಶಿಗಳು ಮಧ್ಯಾಹ್ನವೇ ಬಂದು ಉಂಡರು. ಸಂಜೆ ಎಲ್ಲರೂ ಮೊಣಕಾಲೂರಿದೆವು. ಅತ್ತೆ ಎಮ್ಮೆಯನ್ನು ಬಿಟ್ಟರು, ಅಲ್ಲಿಗೇ ನಿಂತುಹೋದರು. ಕಣ್ಣು ತೆರೆದು ನೋಡಿದೆ. ಅವರ ಹಣೆ ಬೆವರುತ್ತಿತ್ತು. ನನಗೂ ಹೆದರಿಕೆಯಾಯಿತು. ಕೊನೆಗೆ ಅತ್ತೆ ಬಾಯಿಬಿಟ್ಟರು.

"ಸ್ವಾಮಿ, ಹಳೇದು ಮರ್ತೋತು. ಇವತ್ತಿಂದೇ ಹೇಳ್ತೀನಿ ಕೇಳು. ನಂಗೆ ಮಂಡಿ ನೋವು. ಈ ಸೊಸೆ ಒಳ್ಳೇವಳೇ, ಆದ್ರೆ ಸಾರಿಗೆ ಉಪ್ಪು ಸುರೀತಾಳೆ. ಹೇಳಿದ್ರೆ ಕೇಳಲ್ಲ. ನಂಗೆ ಕಲಿಸ್ದಂಗೆ ಅವಳಿಗೂ ಕಲಿಸಪ್ಪಾ."

"ಆಮೆನ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಉಪದೇಶಿಗಳು. ಮಧ್ಯಾಹ್ನ ಅವರು ಉಂಡಿದ್ದೂ ನನ್ನ ಸಾರನ್ನೇ.

ಮಾರನೆಯ ಬೆಳಿಗ್ಗೆ ಸಾರು ಕುದಿಯುವಾಗ ಉಪ್ಪಿನ ಮರಿಗೆಯನ್ನು ಅತ್ತೆಯ ಮುಂದಿಟ್ಟು, "ಎಷ್ಟು ಅಂತ ನೀವೇ ಹಾಕಿ ತೋರ್ಸ್ರೀ" ಎಂದೆ.