ಗಾಡಿ ಎಳೆದೊಯ್ಯುತ್ತಿದ್ದ ಕೈಯಲ್ಲೀಗ ನೋಟೀಸು

ಬೆಳಗಿನ ಐದೂಮುಕ್ಕಾಲು. ಗೆಟ್ಟವಾಡಿಯ ಸಿದ್ದಮಲ್ಲಪ್ಪ ಟೆಂಪೊಗೆ ಆಲೂಗಡ್ಡೆ ಮೂಟೆ ಏರಿಸುತ್ತಿದ್ದಾರೆ. ಸೈಕಲ್ಲಿನಿಂದ ಇಳಿದ ಮಾದಯ್ಯನನ್ನು ಕಂಡದ್ದೇ ಮೂಟೆ ಬಿಟ್ಟು, ಟೆಂಪೊ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

"ಕೀಲಿ ಕೊಡಕಿಲ್ಲ ಕಣಯ್ಯ, ಓಗು."

"ಕೀಲಿ ಕೇಳಕ ಬಂದಿಲ್ಲ ಸಾಮಿ. ಕಾಗ್ದ ತಂದಿವ್ನಿ. ಕುಂತ್ಕಳಿ, ಓದಿ ತಿಳುಸ್ತೀನಿ."

ಸಿದ್ದಮಲ್ಲಪ್ಪನವರ ಅನುಮಾನಕ್ಕೆ ಕಾರಣವಿದೆ. ತಾಳವಾಡಿಯ ಈ ಮಾದಯ್ಯ ಹನ್ನೆರಡು ವರ್ಷ ಮಾಡಿದ್ದು ಗಾಡಿ ಎಳೆದೊಯ್ಯುವ ಕೆಲಸವನ್ನೇ. ಸತ್ಯಮಂಗಲದ ಫೈನಾನ್ಸಿನವರು ಚೀಟಿ ಕೊಡುತ್ತಿದ್ದರು. ಕಂತು ಕಟ್ಟದವರ ವ್ಯಾನು, ಟೆಂಪೊ, ಟ್ರಾಕ್ಟರು ಯಾವುದೇ ಇರಲಿ, ಮನೆಯವರು ಏಳುವ ಮೊದಲೇ ಹತ್ತಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಸಿ, ಗಾಡಿ ಮಾರುವ, ಫೈನಾನ್ಸಿನ ಪರವಾಗಿ ಕಂತೂ ವಸೂಲು ಮಾಡುವ ಡೀಲರ ಅಂಗಳದಲ್ಲಿ ನಿಲ್ಲಿಸಬೇಕು. ಗಾಡಿಗೆ ನೂರು ರೂಪಾಯಿ. ಮುನ್ನೂರರ ಮೇಲೆ ಇಳಿಸಿರಬಹುದು, ಸರಿಯಾದ ಲೆಕ್ಕ ಅವರಿಗೂ ನೆನಪಿಲ್ಲ.

ನೆನಪಿರುವುದು ಒಂದು. ಐದು ವರ್ಷದ ಹಿಂದೆ ಲಿಂಗಯ್ಯ ಎಂಬುವರು ದಿಂಬಂನಲ್ಲಿ ಟೀ ಕುಡಿಯಲು ಇಳಿದಾಗ, ಕೋಸು ತುಂಬಿದ್ದ ಅವರ ವ್ಯಾನನ್ನು ಮಾದಯ್ಯ ಓಡಿಸಿಕೊಂಡು ಹೋದರು. ಡೀಲರ ಅಂಗಳದಲ್ಲಿ ಐದು ದಿನ ನಿಂತು ಕೋಸೆಲ್ಲ ಕೊಳೆಯಿತು.

"ಚೀಟೀಲಿ ಗಾಡಿ ನಂಬರು ಬರ್ದಿತ್ತು. ಕೋಸಿನ ಮಾತು ಇರ್ಲಿಲ್ಲ. ನಾನೂ ಕೇಳ್ಲಿಲ್ಲ ಸಾ" ಎಂದು ನನ್ನೊಡನೆ ಹೇಳುತ್ತಾರೆ. ಆಮೇಲೆ ವರ್ಷಗಟ್ಟಲೆ ದಿಂಬಂನಲ್ಲಿ ಬಸ್ಸು ನಿಂತರೂ ಅವರು ಟೀಗೆ ಇಳಿಯುತ್ತಿರಲಿಲ್ಲ.

ಈ ವರ್ಷ (1989) ಹೊಸ ಮೋಟಾರು ವಾಹನ ಕಾನೂನು ಬಂದಿದೆ. ಮಾಲೀಕನಿಗೆ ತಿಳಿಸದೆ, ಅವನ ಮಾತು ಕೇಳದೆ, ಎಳೆದು ತಂದ ಗಾಡಿಯ ದಾಖಲೆಯನ್ನು ಸಾಲ ಕೊಟ್ಟವರ ಹೆಸರಿಗೆ ಬರೆದುಕೊಡುವುದಿಲ್ಲವೆಂದು ಸಾರಿಗೆ ಕಚೇರಿಯವರು ಹೇಳುತ್ತಿದ್ದಾರೆ. ದಾಖಲೆಯಿಲ್ಲದ ಗಾಡಿಯನ್ನು ಡೀಲರು ಯಾರಿಗೆ ಮಾರಿಯಾನು? ಅಂಗಳದಲ್ಲಿ ಗಾಡಿಗಳು ತುಕ್ಕು ಹಿಡಿಯತೊಡಗಿದ ಮೇಲೆ, ಫೈನಾನ್ಸಿನವರು ವಕೀಲರನ್ನು ಕೇಳಿ ನೋಟೀಸು ಅಚ್ಚು ಹಾಕಿಸಿದರು: ಉತ್ತರ ಕೊಡಲು ಹದಿನೈದು ದಿನ. ಅದನ್ನು ಹಂಚುವ ಕೆಲಸವೂ ಮಾದಯ್ಯನ ಪಾಲಿಗೇ ಬಂತು. ನೋಟೀಸಿಗೆ ಹದಿನೈದು ರೂಪಾಯಿ. ಆದಾಯ ಇಳಿಯಿತು. ಹೆಂಡತಿ ಚಿಕ್ಕತಾಯಮ್ಮ ಮತ್ತೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಾರೆ.

ಕೊಟ್ಟು ಸಹಿ ಹಾಕಿಸಿಕೊಂಡು ಬಂದರೆ ಅವರ ಕೆಲಸ ಮುಗಿಯಿತು. ಆದರೆ ಕಾಗದ ಇರುವುದು ತಮಿಳಿನಲ್ಲಿ. ತಮಿಳುನಾಡಿಗೆ ಸೇರಿದ ಈ ಕನ್ನಡದ ಊರುಗಳಲ್ಲಿ ತಮಿಳು ಮಾತಾಡಲು ಎಲ್ಲರಿಗೂ ಬರುತ್ತದೆ, ಓದಲು ಎಷ್ಟೋ ಮಂದಿಗೆ ಬಾರದು. ಲಾರಿ ಕ್ಲೀನರ್ ಆಗಿದ್ದಾಗ ತಮಿಳು ಅಕ್ಷರ ಕಲಿತ ಮಾದಯ್ಯ, ಜಗಲಿಯ ಅಂಚಿನಲ್ಲಿ ಕೂತು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ.

"ಮೂರು ತವಣೆ ಕಟ್ಟಿಲ್ಲ ಅಂತದ." ಕಂತಿಗೆ ಇಲ್ಲಿನವರು ತಮಿಳಿನ 'ತವಣೆ'ಯನ್ನೇ ಬಳಸುತ್ತಾರೆ.

ಒಳಗಿಂದ ಸಿದ್ದಮಲ್ಲಪ್ಪನವರ ಪತ್ನಿ ಚನ್ನಬಸಮ್ಮ ಬಿರುಸಾಗಿ ಬರುತ್ತಾರೆ. "ಯಾವನ್ಲಾ ಅಂದೋನು? ಮೂರೂ ಡೀಲರ್ ಕಡೆಯೋನ ಕೈಗೇ ಕೊಟ್ಟಿವ್ನಿ. ರಸೀದಿ ಅವ!" ಎಂದು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಅವರ ಮುಂದೆ ಚಾಚುತ್ತಾರೆ.

ಮಾದಯ್ಯ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ನನ್ ಕೈಗೂ ಕೊಡಬ್ಯಾಡಿ ಅವ್ವಾರೆ. ಅಸಲು ನಿಮ್ತಾವೇ ಇರ್ಲಿ. ನಂಬರು ತಾರೀಕು ಬರ್ಕತೀನಿ. ನೀವು ಅಂದಂಗೆ ಉತ್ತರಾನೂ ನಾನೇ ಬರೀತೀನಿ."

ಸಂಬಳ ಕೊಡುವವರ ವಿರುದ್ಧವೇ ಉತ್ತರ! ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಳ್ಳುವಷ್ಟರಲ್ಲಿ ಬಿಸಿಲೇರಿದೆ. ಟೆಂಪೊ ತಡವಾಗಿ ಚಾಮರಾಜನಗರದ ದಾರಿ ಹಿಡಿಯುತ್ತದೆ. ಹಿಂದಿನ ಕಾಲವಾಗಿದ್ದರೆ ಅದು ಆ ಹೊತ್ತಿಗೆ ಮಾದಯ್ಯನ ಕೈಯಲ್ಲಿ ಘಾಟಿ ಇಳಿದಾಗಿರುತ್ತಿತ್ತು.

ನಾನು ಮತ್ತೆ ತಾಳವಾಡಿಗೆ ಹೋದದ್ದು ಹದಿನೆಂಟು ದಿನದ ಮೇಲೆ. ಮೂರು ಕಂತಿನ ಹಣ ಡೀಲರ ಅಂಗಡಿಯಲ್ಲೇ ಉಳಿದಿತ್ತೆಂದು ತಿಳಿದು, ಫೈನಾನ್ಸಿನವರು ಅದನ್ನು ಕಟ್ಟಿಸಿಕೊಂಡಿದ್ದಾರೆ. ಗೆಟ್ಟವಾಡಿಯ ನೋಟೀಸು ರದ್ದಾಗಿದೆ. ಕೆರಳಿದ ಡೀಲರು ಮಾದಯ್ಯನನ್ನು ತೆಗೆದುಹಾಕಿ ಎಂದು ಹಟ ಹಿಡಿದನಂತೆ. ಫೈನಾನ್ಸಿನವರು ಒಪ್ಪಲಿಲ್ಲ. ಈ ವರ್ಷ ಹಂಚಿದ ನಲವತ್ತೊಂದು ನೋಟೀಸಿನಲ್ಲಿ ಎಳೆದು ತರಬೇಕಾಗಿ ಬಂದದ್ದು ಎರಡೇ ಗಾಡಿ, ಒಂದು ಹೊಡೆದಾಟವೂ ಆಗಿಲ್ಲ. ಅಷ್ಟು ಅವರಿಗೆ ಸಾಕಾಗಿದೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಮಾದಯ್ಯ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ಪೆಡಲು ತಿರುಗಿಸುತ್ತಾರೆ.

"ಆ ಕಾಗ್ದನ ಕನ್ನಡದಲ್ಲೂ ಅಚ್ಚಾಕ್ಸಿ ಅಂತ ಕೇಳಿವ್ನಿ ಸಾ. ನೋಡವ ಅಂದವ್ರ."

"ಆಗ ನೀವು ಓದಿ ಹೇಳುವುದೇ ಬೇಡವಾಗುತ್ತದಲ್ಲ?"

"ಬ್ಯಾಡ ಬುಡಿ. ಅವರ ಕಾಗ್ದ ಅವರೇ ಓದ್ಕಳ್ಳಿ. ನಾನು ಕೊಟ್ಬುಟ್ಟು ಬತ್ತೀನಿ."